ಬೆಳಿಗ್ಗೆ ಖಾಲಿ, ಸಂಜೆ ತುಂಬಿ ತುಳುಕುವ ಪಟ್ಟಿ

ನಾನು ಬರೆದ ಮೊದಲ ಸ್ಟಾಕ್ ಸ್ಕ್ಯಾನರ್‌ನಲ್ಲಿ (ಷರತ್ತಿಗೆ ಹೊಂದುವ ಷೇರುಗಳನ್ನು ಹುಡುಕಿ ಪಟ್ಟಿ ಮಾಡುವ ಪ್ರೋಗ್ರಾಂ) ಇಪ್ಪತ್ತಕ್ಕಿಂತ ಜಾಸ್ತಿ ಫಿಲ್ಟರ್‌ಗಳಿದ್ದವು. ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲವನ್ನು 0ಯಿಂದ 100ರೊಳಗೆ ತೋರಿಸುವ ಅಂಕಿ), ಮೂವಿಂಗ್ ಆವರೇಜ್, ಗ್ಯಾಪ್, ಬ್ರೇಕೌಟ್ (ಬೆಲೆ ಹಳೆಯ ಮಿತಿಯನ್ನು ದಾಟುವುದು), ಎಲ್ಲವೂ. ಎರಡು ದಿನ ಬಳಸಿ ನೋಡಿದ ಟ್ರೇಡರ್ ಗೆಳೆಯ ಹೇಳಿದ್ದು ಇಷ್ಟೇ: "ಬೆಳಿಗ್ಗೆ ನನಗೆ ಬೇಕಾದಾಗ ನಿನ್ನ ಪಟ್ಟಿ ಖಾಲಿ ಇರುತ್ತೆ. ಮಾರ್ಕೆಟ್ ಮುಚ್ಚೋ ಹೊತ್ತಿಗೆ ನೂರು ಸ್ಟಾಕ್ ಬರುತ್ತೆ. ಆಗ ತಗೊಂಡು ಏನು ಮಾಡ್ಲಿ?"

ತಪ್ಪಿದ್ದದ್ದು ವಾಲ್ಯೂಮ್, ಅಂದರೆ ಕೈ ಬದಲಾದ ಷೇರುಗಳ ಸಂಖ್ಯೆಯ, ಲೆಕ್ಕದಲ್ಲಿ. ಇವತ್ತು ಇಲ್ಲಿಯವರೆಗೆ ಆದ ವಾಲ್ಯೂಮನ್ನು ನಾನು ಹಿಂದಿನ 20 ದಿನಗಳ ಪೂರ್ತಿ ದಿನದ ಸರಾಸರಿಗೆ ಹೋಲಿಸುತ್ತಿದ್ದೆ. ಒಂದು ಸ್ಟಾಕ್‌ನಲ್ಲಿ ದಿನಕ್ಕೆ ಸರಾಸರಿ 20 ಲಕ್ಷ ಷೇರು ಕೈ ಬದಲಾಗುತ್ತೆ ಅಂದುಕೊಳ್ಳಿ. ಮೊದಲ 45 ನಿಮಿಷದಲ್ಲಿ 6 ಲಕ್ಷ ಆಗಿದ್ದರೆ ನನ್ನ ಲೆಕ್ಕ 0.3 ಅಂತ ಹೇಳಿ ಸುಮ್ಮನಾಗುತ್ತಿತ್ತು. ಆದರೆ ಆ ಸ್ಟಾಕ್‌ನಲ್ಲಿ ಮೊದಲ 45 ನಿಮಿಷಕ್ಕೆ ಸಾಮಾನ್ಯವಾಗಿ 2 ಲಕ್ಷವಷ್ಟೇ ಆಗೋದು, ಅಂದರೆ ಇವತ್ತು ನಡೆದಿರೋದು ಮೂರು ಪಟ್ಟು! ದಿನವನ್ನು ನಿಮಿಷಗಳಿಗೆ ಸಮನಾಗಿ ಹಂಚಿದರೂ ಸರಿಹೋಗಲ್ಲ, ಯಾಕೆಂದರೆ ವಾಲ್ಯೂಮ್ ತೆರೆಯುವಾಗ ಮತ್ತು ಮುಚ್ಚುವಾಗ ಜಾಸ್ತಿ, ಮಧ್ಯಾಹ್ನ ಕಡಿಮೆ. ಹಾಗಾಗಿ ಪ್ರತಿ ಸ್ಟಾಕ್‌ಗೂ ಐದೈದು ನಿಮಿಷಕ್ಕೆ ಅಲ್ಲಿಯವರೆಗಿನ ಸರಾಸರಿ ವಾಲ್ಯೂಮನ್ನು ಹಿಂದಿನ ರಾತ್ರಿಯೇ ಲೆಕ್ಕ ಹಾಕಿ ಇಟ್ಟುಕೊಳ್ಳತೊಡಗಿದೆ. ಹಗಲು ಉಳಿಯೋದು ಒಂದು ಭಾಗಾಕಾರ ಮಾತ್ರ. ನನ್ನ ಸ್ಕ್ಯಾನರ್‌ನಲ್ಲಿ ನಿಜಕ್ಕೂ ಬೆಲೆಯಿರುವ ಕೆಲಸ ಅಂದರೆ ಇದೇ ಅಂತ ಈಗಲೂ ನಂಬಿದ್ದೇನೆ.

ಆಮೇಲೆ ಆರ್‌ಎಸ್‌ಐ. ಗೆಳೆಯನ ಚಾರ್ಟ್‌ನಲ್ಲಿ ಒಂದು ಅಂಕಿ, ನನ್ನಲ್ಲಿ ಇನ್ನೊಂದು. 1978ರಲ್ಲಿ ವೆಲ್ಸ್ ವೈಲ್ಡರ್ ಇದನ್ನು ಪರಿಚಯಿಸಿದಾಗ ಬಳಸಿದ ಸರಾಸರಿಯಲ್ಲಿ ಹೊಸ ಕ್ಯಾಂಡಲ್‌ಗೆ (ಚಾರ್ಟ್‌ನಲ್ಲಿ ಒಂದು ಅವಧಿಯ ಬೆಲೆ ತೋರಿಸುವ ಕಂಬ) 14ರಲ್ಲಿ 1 ಪಾಲು. ನಾನು ಮಾಮೂಲಿ ಎಕ್ಸ್‌ಪೊನೆನ್ಶಿಯಲ್ ಸರಾಸರಿ ಹಾಕಿ 15ರಲ್ಲಿ 2 ಪಾಲು ಕೊಟ್ಟುಬಿಟ್ಟಿದ್ದೆ. ಅದನ್ನು ಸರಿ ಮಾಡಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಲೆಕ್ಕ ಶುರುವಾದ 14 ಕ್ಯಾಂಡಲ್ ನಂತರವೂ ಆರಂಭದ ಸರಾಸರಿಯ ಪ್ರಭಾವ ಸುಮಾರು ಶೇ. 35ರಷ್ಟು ಉಳಿದಿರುತ್ತೆ. 100 ಕ್ಯಾಂಡಲ್ ದಾಟಿದರೆ ಬಹುತೇಕ ಏನೂ ಉಳಿಯಲ್ಲ. ಈಗ ಕಡಿಮೆಯೆಂದರೂ 150 ಕ್ಯಾಂಡಲ್ ಓದದೆ ಆರ್‌ಎಸ್‌ಐ ತೋರಿಸುವುದೇ ಇಲ್ಲ. ಅಂಕಿ ಚಾರ್ಟ್‌ಗೆ ಹೊಂದಲಿಲ್ಲ ಅಂದರೆ ಟ್ರೇಡರ್ ಯಾವುದನ್ನೂ ನಂಬಲ್ಲ, ಅವನು ಮಾಡೋದು ಸರಿಯೇ ಅಲ್ವಾ?

ಸ್ಪ್ಲಿಟ್, ಅಂದರೆ ಕಂಪನಿ ಒಂದು ಷೇರನ್ನು ಹಲವು ಷೇರುಗಳಾಗಿ ಒಡೆಯೋದು, ಕೂಡ ಕಾಡಿತು. ಒಂದು ಷೇರು ಐದಾದ ದಿನ, ಹಳೆಯ ಬೆಲೆಗಳನ್ನು ಹೊಂದಿಸದೇ ಇದ್ದ ಕಾರಣ, ಆ ಸ್ಟಾಕ್ ಶೇ. 80 ಕುಸಿದಿದೆ ಅಂತ ಪಟ್ಟಿಯ ತುದಿಗೆ ಬಂದು ಕೂತಿತ್ತು. ಹಳೆಯ ವಾಲ್ಯೂಮನ್ನೂ ಐದರಿಂದ ಗುಣಿಸಬೇಕು, ಅದನ್ನು ಮರೆಯುವವರೇ ಜಾಸ್ತಿ.

ಅಲರ್ಟ್ ವಿಷಯದಲ್ಲಿ ಗೆಳೆಯನ ಪಕ್ಕ ಕೂತು ನೋಡಿದ್ದು ತುಂಬಾ ಸಹಾಯಕ್ಕೆ ಬಂತು. ಆರ್‌ಎಸ್‌ಐ 70ರ ಆಸುಪಾಸಿನಲ್ಲಿ ಅಲ್ಲಾಡುತ್ತಿದ್ದ ಒಂದೇ ಸ್ಟಾಕ್ ಮತ್ತೆ ಮತ್ತೆ ಸದ್ದು ಮಾಡುತ್ತಿತ್ತು, ಅವನು ಸ್ಪೀಕರನ್ನೇ ಆಫ್ ಮಾಡಿಬಿಟ್ಟ. ಈಗ 70 ದಾಟಿದರೆ ಒಮ್ಮೆ ಅಲರ್ಟ್, 65ಕ್ಕಿಂತ ಕೆಳಗೆ ಇಳಿದು ಬಂದ ಮೇಲಷ್ಟೇ ಇನ್ನೊಮ್ಮೆ. ಇನ್ನೂ ಮುಗಿಯದ ಐದು ನಿಮಿಷದ ಕ್ಯಾಂಡಲ್‌ನ ಬ್ರೇಕೌಟ್ ಮಸುಕು ಬಣ್ಣದಲ್ಲಿ ಬರುತ್ತೆ. ಮೂರನೇ ನಿಮಿಷದಲ್ಲಿ ಮೇಲೆ ಹೋದ ಬೆಲೆ ಐದನೇ ನಿಮಿಷಕ್ಕೆ ವಾಪಸ್ ಬರೋದು ಮಾಮೂಲು.

ಎಲ್ಲ ಫಿಲ್ಟರ್ ಸೇರಿಸಿ ಒಂದೇ ಸ್ಕೋರ್ ಕೊಡು ಅಂತ ಕೆಲವರು ಕೇಳಿದರು. ನಾನು ಕೊಟ್ಟಿಲ್ಲ. 87 ಅಂತ ತೋರಿಸಿದರೆ ಆ 87 ಎಲ್ಲಿಂದ ಬಂತು ಅನ್ನೋದೇ ಕಾಣಲ್ಲ. ಅದರ ಬದಲು ಪ್ರತಿ ಸಾಲಿನಲ್ಲೂ "ಯಾಕೆ" ಅನ್ನೋ ಕಾಲಂ ಇಟ್ಟೆ: "ವಾಲ್ಯೂಮ್ 3.1 ಪಟ್ಟು, 20 ದಿನದ ಗರಿಷ್ಠ ದಾಟಿದೆ." ಆ ಕ್ಷಣದ ಡೇಟಾ ಕೂಡ ಸೇವ್ ಆಗುತ್ತೆ. "ನಿನ್ನೆ ಅದು ಯಾಕೆ ಬರಲಿಲ್ಲ?" ಅಂತ ಗೆಳೆಯ ಕೇಳಿದಾಗ ಇಬ್ಬರೂ ಕೂತು ಅದೇ ನಿಮಿಷವನ್ನು ತೆರೆದು ನೋಡುತ್ತೇವೆ.