ಕೀಲು ನೋವೋ, ಟೆಂಡನ್ ನೋವೋ? ಮನೆಯಲ್ಲೇ ಗುರುತಿಸುವುದು ಹೇಗೆ, ವಾಸಿ ಮಾಡಿಕೊಳ್ಳುವುದು ಹೇಗೆ

ಮೇ, ಜೂನ್ ಬಂತೆಂದರೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕೀಳುವವರಿಗೆ ಭುಜ ನೋವು ಶುರು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎತ್ತಿ ಇಳಿಸುವವರಿಗೆ ಮೊಣಕೈ. ಎರಡು ಹೊತ್ತೂ ಹಸು ಕರೆಯುವ ಹೆಂಗಸರಿಗೆ ಹೆಬ್ಬೆರಳಿನ ಬುಡ. ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಬೆರಳು. ಇಷ್ಟು ಬಗೆಯ ನೋವಿಗೂ ನಾವು ಮಾಡುವುದು ಒಂದೇ ಕೆಲಸ: ಮೆಡಿಕಲ್ ಸ್ಟೋರ್‌ಗೆ ಹೋಗಿ ‘ಒಂದು ನೋವಿನ ಮಾತ್ರೆ ಕೊಡಿ’ ಅನ್ನುವುದು.

ಮಾತ್ರೆ ನೋವನ್ನು ಅಡಗಿಸುತ್ತದೆ, ಅಷ್ಟೇ. ಕೀಲಿನ ನೋವು ಬೇರೆ, ಟೆಂಡನ್ ನೋವು ಬೇರೆ. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿ. ಅದಕ್ಕೆ ರಕ್ತದ ಓಡಾಟ ಕಡಿಮೆ. ಹಾಗಾಗಿ ಒಮ್ಮೆ ಕೆಟ್ಟರೆ ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ಸುಮ್ನೆ ಕೂತರೂ ಅದು ಗಟ್ಟಿಯಾಗುವುದಿಲ್ಲ, ನೋವು ನುಂಗಿಕೊಂಡು ದುಡಿದರೂ ಆಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಭಾರ ಕೊಡುತ್ತಾ ಬಂದರೆ ಮಾತ್ರ ಆಗುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ನರಳುವವರು ನಮ್ಮ ಕಡೆ ತುಂಬಾ ಜನ.

ಹಂತ 1: ಒಂದೇ ಬೆರಳಿಟ್ಟು ತೋರಿಸಿ

ನೋವು ಎಲ್ಲಿದೆ ಎಂದು ಒಂದೇ ಬೆರಳಿನಿಂದ ಮುಟ್ಟಿ. ‘ಇಲ್ಲೇ, ಈ ಚುಕ್ಕೆಯಲ್ಲೇ’ ಎಂದು ತೋರಿಸಲು ಬಂದರೆ, ಒತ್ತಿದಾಗ ಚುರುಕ್ ಅಂದರೆ, ಅದು ಟೆಂಡನ್ ಇರುವ ಸಾಧ್ಯತೆ ಹೆಚ್ಚು. ಬೆರಳು ಸಾಲದೆ ಇಡೀ ಅಂಗೈಯಿಂದ ಮಂಡಿಯನ್ನು ಸವರಿ ‘ಇಲ್ಲೆಲ್ಲಾ’ ಅಂದರೆ, ಊತವೂ ಇದ್ದರೆ, ಕೀಲಿನ ಕಡೆ ಅನುಮಾನ ಪಡಬೇಕು.

ಹಂತ 2: ನೀವೇ ಎತ್ತಿ, ಆಮೇಲೆ ಬೇರೆಯವರಿಂದ ಎತ್ತಿಸಿ

ಭುಜ ನೋವಿಗೆ ಇದಕ್ಕಿಂತ ಒಳ್ಳೆಯ ಮನೆ ಪರೀಕ್ಷೆ ಇಲ್ಲ. ನೋವಿರುವ ಕೈಯನ್ನು ನೀವೇ ಪಕ್ಕದಿಂದ ಮೇಲೆತ್ತಿ. ಎಲ್ಲಿಗೆ ನಿಲ್ಲುತ್ತದೆ ನೋಡಿಕೊಳ್ಳಿ. ಈಗ ಕೈಯನ್ನು ಪೂರ್ತಿ ಸಡಿಲ ಬಿಟ್ಟು, ಮನೆಯವರಿಂದ ಮೆಲ್ಲಗೆ ಎತ್ತಿಸಿ.

ನೀವು ಎತ್ತಿದಾಗ ನಡುವೆಯೇ ನಿಂತ ಕೈ, ಅವರು ಎತ್ತಿದಾಗ ಸಲೀಸಾಗಿ ಮೇಲೆ ಹೋಯಿತೇ? ಕೀಲು ಚೆನ್ನಾಗಿದ್ದು, ಭುಜವನ್ನು ಸುತ್ತುವರಿದ ಟೆಂಡನ್‌ಗಳಿಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಕೈ ಮೇಲೆತ್ತಿ ದೋಟಿ ಹಿಡಿದು ದಿನವಿಡೀ ಮಾವು ಕೀಳುವವರಿಗೆ, ಸುಣ್ಣ ಬಣ್ಣ ಹೊಡೆಯುವವರಿಗೆ ಬರುವುದು ಸಾಮಾನ್ಯವಾಗಿ ಇದೇ. ಇವರಿಗೆ ಆ ಪಕ್ಕಕ್ಕೆ ಮಲಗಿದರೆ ರಾತ್ರಿ ನಿದ್ದೆಯೇ ಇರುವುದಿಲ್ಲ.

ಯಾರು ಎತ್ತಿದರೂ ಕೈ ಅಲ್ಲೇ ಕಚ್ಚಿಕೊಂಡಂತೆ ನಿಂತರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಇನ್ನೂ ಖಚಿತವಾಗಬೇಕಾದರೆ ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿಟ್ಟುಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಎರಡೂ ಕೈ ಹೋಲಿಸಿ ನೋಡಿ. ಒಂದು ಕಡೆ ಹೊರಕ್ಕೆ ತಿರುಗುವುದೇ ಇಲ್ಲ ಅಂದರೆ ಅನುಮಾನ ಗಟ್ಟಿಯಾಯಿತು. ಜಡೆ ಹಾಕಲು ಆಗುವುದಿಲ್ಲ, ಹಿಂದಿನ ಜೇಬಿಗೆ ಕೈ ಹೋಗುವುದಿಲ್ಲ. 40ರಿಂದ 60 ವರ್ಷದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಇದು ಜಾಸ್ತಿ. ಹಾಗಾಗಿ ಭುಜ ಬಿಗಿದುಕೊಂಡವರು ಮೊದಲು ಶುಗರ್ ಪರೀಕ್ಷೆ ಮಾಡಿಸಬೇಕು. ಎಷ್ಟೋ ಜನರಿಗೆ ತಮಗೆ ಸಕ್ಕರೆ ಇದೆ ಎಂದು ಗೊತ್ತಾಗುವುದೇ ಆಗ. ಇದು ಬಿಡಲು ಒಂದರಿಂದ ಮೂರು ವರ್ಷವೂ ಆಗಬಹುದು. ಆದರೆ ಹೆಚ್ಚಿನವರಿಗೆ ಬಿಡುತ್ತದೆ. ಧೈರ್ಯ ಕೆಡಬೇಡಿ.

ಹಂತ 3: ಬೆಳಗಿನ ಬಿಗಿತಕ್ಕೆ ಗಡಿಯಾರ ನೋಡಿ

ಎದ್ದ ಕೂಡಲೇ ಕೈಕಾಲು ಬಿಗಿದುಕೊಂಡಿದ್ದು, ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ? ಅರ್ಧ ಗಂಟೆಯೊಳಗೆ ಸರಿಹೋದರೆ ಅದು ಬಹುಪಾಲು ಸವೆತ, ಅಂದರೆ ಆಸ್ಟಿಯೊಆರ್ಥ್ರೈಟಿಸ್. ಒಂದು ಗಂಟೆ ದಾಟಿದರೆ, ಎರಡೂ ಕೈಯ ಬೆರಳಿನ ಗೆಣ್ಣುಗಳು ಒಟ್ಟಿಗೇ ಊದಿದರೆ, ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ದೇಹದ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಹೆಂಗಸರಲ್ಲಿ ಹೆಚ್ಚು. ಇದಕ್ಕೆ ಎಣ್ಣೆ, ಶಾಖ ಎಂದು ಕಾಯಬೇಡಿ. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅಜ್ಜಿಗೆ ಮಾತ್ರೆ ಕೊಡುವವರು ಮೊಮ್ಮಕ್ಕಳಾಗಿದ್ದರೆ ಕ್ಯಾಲೆಂಡರ್‌ನಲ್ಲಿ ಆ ಒಂದು ದಿನಕ್ಕೆ ಗುರುತು ಹಾಕಿಡಿ.

ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋದಂತಾದರೆ ಅದು ಗೌಟ್. ಯೂರಿಕ್ ಆಸಿಡ್ ಹರಳುಗಟ್ಟಿ ಹೀಗಾಗುತ್ತದೆ. ನೋವಿನ ಹೊತ್ತಲ್ಲಿ ರಕ್ತ ಪರೀಕ್ಷೆ ನಾರ್ಮಲ್ ಬರಬಹುದು. ಹಾಗೆಂದು ಬಿಡದೆ, ಊತ ಇಳಿದ ಕೆಲವು ವಾರಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಚಿಕುನ್‌ಗುನ್ಯ ಬಂದು ಹೋದವರಿಗೂ ತಿಂಗಳುಗಟ್ಟಲೆ ಕೀಲು ನೋವು ಉಳಿಯುವುದುಂಟು.

ಹಂತ 4: ಕೆಲಸದ ಭಂಗಿ ಬದಲಿಸಿ

ಹಾಲು ಕರೆಯುವವರ ಕೈ ಒಮ್ಮೆ ಗಮನವಿಟ್ಟು ನೋಡಿ. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆತೊಟ್ಟನ್ನು ಒತ್ತಿ ಎಳೆಯುವವರೇ ಜಾಸ್ತಿ. ಪ್ರತಿ ಎಳೆತಕ್ಕೂ ಹೆಬ್ಬೆರಳಿನ ಟೆಂಡನ್‌ಗಳು ಮಣಿಕಟ್ಟಿನ ಬಳಿ ಉಜ್ಜಿಕೊಳ್ಳುತ್ತವೆ. ಕಡೆಗೆ ಹೆಬ್ಬೆರಳಿನ ಕಡೆಯ ಮಣಿಕಟ್ಟು ಊದಿ, ಚೊಂಬು ಎತ್ತಲೂ ಆಗುವುದಿಲ್ಲ. ವೈದ್ಯರು ಇದಕ್ಕೆ ಡಿ ಕರ್ವೇನ್ ಅನ್ನುತ್ತಾರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟು, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಗ್ಗಿಸಿ. ಹೆಬ್ಬೆರಳ ಬುಡದಲ್ಲಿ ಕಿತ್ತು ಬರುವಂತೆ ನೋವಾದರೆ ಅದೇ. ಕೂಸನ್ನು ಪದೇ ಪದೇ ಕಂಕುಳಿಗೆ ಕೈ ಕೊಟ್ಟು ಎತ್ತುವ ಬಾಣಂತಿಯರಿಗೂ ಇದು ಬರುತ್ತದೆ.

ಪರಿಹಾರ ಹಿಡಿತದಲ್ಲೇ ಇದೆ. ತೊಟ್ಟನ್ನು ಅಂಗೈ ಮತ್ತು ಬೆರಳುಗಳ ನಡುವೆ ಪೂರ್ತಿ ಮುಷ್ಟಿಯಲ್ಲಿ ಹಿಡಿದು, ಎಳೆಯದೆ, ಮೇಲಿನಿಂದ ಕೆಳಕ್ಕೆ ಒತ್ತಿ ಕರೆಯಬೇಕು. ಪಶು ವೈದ್ಯರು ಹಸುವಿನ ಕೆಚ್ಚಲಿನ ಆರೋಗ್ಯಕ್ಕೆಂದು ಹೇಳುವುದೂ ಇದನ್ನೇ. ನಿಮ್ಮ ಕೈಗೂ ಅದೇ ಒಳ್ಳೆಯದು. ಜೊತೆಗೆ ಹೆಬ್ಬೆರಳನ್ನೂ ಮಣಿಕಟ್ಟನ್ನೂ ಹಿಡಿದಿಡುವ ಪಟ್ಟಿಯನ್ನು ಮೂರರಿಂದ ಆರು ವಾರ ಹಾಕಿಕೊಳ್ಳಿ.

ಬಾಕ್ಸ್ ಎತ್ತುವವರಿಗೆ ಮೊಣಕೈಯ ಹೊರಮಗ್ಗುಲಿನ ಮೂಳೆ ಉಬ್ಬಿನ ಮೇಲೆ ನೋವು. ಒದ್ದೆ ಬಟ್ಟೆ ಹಿಂಡಿದರೆ, ಕೈ ಕುಲುಕಿದರೆ ಜಾಸ್ತಿಯಾಗುತ್ತದೆ. ಇದು ಟೆನಿಸ್ ಎಲ್ಬೋ. ಬಾಕ್ಸನ್ನು ಮೇಲಿಂದ ಬೆರಳು ಸಿಕ್ಕಿಸಿ ಎತ್ತುವುದರ ಬದಲು ಅಂಗೈ ಮೇಲ್ಮುಖ ಮಾಡಿ, ಅಡಿಗೆ ಕೈ ಕೊಟ್ಟು, ಮೈಗೆ ಹತ್ತಿರ ಹಿಡಿದು ಎತ್ತಿ.

ಬೆಳಿಗ್ಗೆ ಎದ್ದಾಗ ಬೆರಳು ಮಡಚಿದ್ದು ಮಡಚಿದಂತೆಯೇ ನಿಂತು, ಇನ್ನೊಂದು ಕೈಯಿಂದ ಬಿಡಿಸಿದಾಗ ‘ಟಕ್’ ಎಂದು ಬಿಚ್ಚಿಕೊಂಡರೆ ಅದು ಟ್ರಿಗರ್ ಫಿಂಗರ್. ಲಂಗದ ಲಾಡಿಗೆ ಗಂಟು ಬಿದ್ದು ತೂತಿನಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೇ ಊದಿದ ಟೆಂಡನ್ ಅಂಗೈಯ ಕಿರಿದಾದ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ರಾತ್ರಿ ಬೆರಳು ನೆಟ್ಟಗಿಡುವ ಪಟ್ಟಿ, ಆಗದಿದ್ದರೆ ಒಂದು ಇಂಜೆಕ್ಷನ್, ಅದೂ ಆಗದಿದ್ದರೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುವ ಸಣ್ಣ ಶಸ್ತ್ರಚಿಕಿತ್ಸೆ. ಅದೇ ದಿನ ಮನೆಗೆ ಬರಬಹುದು.

ಹಂತ 5: ಭಾರ ಕೊಡಿ, ನಿಧಾನವಾಗಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಇದನ್ನು ಬಿಟ್ಟರೆ ಉಳಿದದ್ದೆಲ್ಲಾ ಅರ್ಧಂಬರ್ಧ.

ಮೊಣಕೈಗೆ: ಅರ್ಧ ಲೀಟರ್ ನೀರಿನ ಬಾಟಲಿ ತೆಗೆದುಕೊಳ್ಳಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಮಾತ್ರ ಅಂಚಿನಿಂದ ಹೊರಗಿರಲಿ, ಅಂಗೈ ಕೆಳಮುಖ. ಇನ್ನೊಂದು ಕೈಯ ಸಹಾಯದಿಂದ ಬಾಟಲಿಯನ್ನು ಮೇಲಕ್ಕೆ ತಂದು, ಆ ಸಹಾಯ ಬಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ. ಇಳಿಸುವುದೇ ಇಲ್ಲಿ ಔಷಧಿ. 15 ಸಲ, ಮೂರು ಸುತ್ತು, ದಿನಾ. ಸಲೀಸಾದ ಮೇಲೆ ಒಂದು ಲೀಟರ್ ಬಾಟಲಿ.

ಹಿಮ್ಮಡಿಯ ಹಿಂದಿನ ದಪ್ಪ ಟೆಂಡನ್‌ಗೂ ಲೆಕ್ಕ ಇದೇ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಹನ್ನೆರಡು ವಾರ ಬಿಡದೆ ಮಾಡಬೇಕು. ಹಿಮ್ಮಡಿಯ ಅಡಿಭಾಗ ನೋಯುವವರಿಗೆ, ಅಂದರೆ ಬೆಳಿಗ್ಗೆ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗುವವರಿಗೆ, ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಮೇಲಕ್ಕೆ ಎಳೆದು ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಟೈಲ್ಸ್ ನೆಲದ ಮೇಲೆ ಬರಿಗಾಲು ಬೇಡ.

ಮಂಡಿ ಸವೆದಿದೆ ಎಂದು ನಡೆಯುವುದನ್ನೇ ಬಿಡುವುದು ದೊಡ್ಡ ತಪ್ಪು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಹಿಡಿದು ಐದು ಎಣಿಸಿ ಇಳಿಸಿ. ತೊಡೆಯ ಮಾಂಸಖಂಡ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಮೈತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತದೆ. ಸ್ವಲ್ಪ ದಿನ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು ಬೇಡ, ಗಿಡ್ಡ ಮಣೆ ಇಟ್ಟುಕೊಳ್ಳಿ.

ವ್ಯಾಯಾಮ ಮಾಡುವಾಗ ನೋವು ಬಂದರೆ? ಹತ್ತಕ್ಕೆ ಮೂರು, ನಾಲ್ಕರಷ್ಟು ನೋವು ಬರಲಿ ಬಿಡಿ. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಹಂತ 6: ಇಂಜೆಕ್ಷನ್, ಪುಡಿ, ಮಾತ್ರೆ

ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲಕ್ಕೂ ಒಂದೇ ಅಲ್ಲ. ಟ್ರಿಗರ್ ಫಿಂಗರ್‌ಗೆ, ಕೈ ಹೆಬ್ಬೆರಳ ಡಿ ಕರ್ವೇನ್ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಟೆನಿಸ್ ಎಲ್ಬೋಗೆ ಹಾಕಿಸಿದರೆ ಮೊದಲ ಕೆಲವು ವಾರ ಹಾಯ್ ಅನ್ನಿಸುತ್ತದೆ, ಆದರೆ ವರ್ಷದ ಕೊನೆಗೆ ಇಂಜೆಕ್ಷನ್ ಹಾಕಿಸದವರೇ ಚೆನ್ನಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿಗೆ ಪೆಟ್ಟು. ಬಿ.ಪಿ., ಸಕ್ಕರೆ ಇರುವವರಿಗೆ ಇನ್ನೂ ಅಪಾಯ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ಮಂಡಿ ನೋವಿನ ಪುಡಿ’ ಮಾತ್ರ ಖಂಡಿತ ಬೇಡ. ಒಂದೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಲೇಬೇಕು.

ನೀರನ್ನೂ ನೋಡಿ

ಬಾಗೇಪಲ್ಲಿ, ಪಾವಗಡ, ನಮ್ಮ ಕೋಲಾರ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳ ಸುತ್ತ ಬಿಗಿತ ಬರುತ್ತದೆ. ಇದನ್ನು ವಯಸ್ಸಿನ ಸವೆತ ಎಂದು ತಪ್ಪು ತಿಳಿಯುವವರೇ ಜಾಸ್ತಿ. ಮೂರು ಪರೀಕ್ಷೆ ಮಾಡಿ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ, ಗದ್ದವನ್ನು ಎದೆಗೆ ತಾಗಿಸಿ, ಕೈಗಳನ್ನು ಪಕ್ಕಕ್ಕೆ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟಿ. ಮೂರೂ ಕಷ್ಟವಾಗಿ, ಮನೆಯ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳೂ ಇದ್ದರೆ ನೀರಿನ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲಿಕ್ಕೆ ಮಾತ್ರವಲ್ಲ, ಅನ್ನ, ಸಾರಿಗೂ ಊರಿನ ಶುದ್ಧ ನೀರಿನ ಘಟಕದ ನೀರೇ ಬಳಸಿ.

ಯಾವಾಗ ಕಾಯಬಾರದು

ಒಂದೇ ಕೀಲು ಊದಿ, ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ. ಹಿಮ್ಮಡಿಯ ಹಿಂದೆ ಯಾರೋ ಒದ್ದಂತೆ ‘ಫಟ್’ ಅಂದು ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಟೆಂಡನ್ ಹರಿದಿರಬಹುದು, ಇದಕ್ಕೂ ತಡ ಬೇಡ.

ಉಳಿದ ನೋವಿಗೆ, ಆರು ವಾರ ವ್ಯಾಯಾಮ ಮಾಡಿಯೂ ಇಳಿಯದಿದ್ದರೆ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನಿಮಗೆ ಬೇಕಾದ ಶಸ್ತ್ರಚಿಕಿತ್ಸೆ ಅದರಲ್ಲಿ ಬರುತ್ತದೋ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯಮಿತ್ರರನ್ನು ಕೇಳಿ. ಹೋಗುವಾಗ ಇದುವರೆಗೆ ನುಂಗಿದ ಮಾತ್ರೆಗಳ ಸ್ಟ್ರಿಪ್, ಪುಡಿಯ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತುಂಬಾ ದಿನದಿಂದ ಅಂಥ ಪುಡಿ ತಿನ್ನುತ್ತಿದ್ದರೆ ನೀವಾಗಿಯೇ ಏಕ್ದಂ ನಿಲ್ಲಿಸಬೇಡಿ. ಸ್ಟೀರಾಯ್ಡ್ ಹಠಾತ್ತನೆ ನಿಂತರೆ ಬಿ.ಪಿ. ಕುಸಿಯಬಹುದು. ವೈದ್ಯರಿಗೆ ಮುಚ್ಚಿಡದೆ ಹೇಳಿ, ಅವರು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸುತ್ತಾರೆ.