ಭಾನುವಾರ ಅಮ್ಮನಿಗೆ ಹೇಳಿಕೊಟ್ಟ ಅಮೆರಿಕದ ಸರ್ಕಾರ

ನರ್ಸಿಂಗ್ ಓದಲು ಹೊರಟವಳಿಗೆ ಅಮೆರಿಕದ ಸಂವಿಧಾನ ಯಾಕೆ ಬೇಕು? ಟೆಕ್ಸಾಸ್‌ನ ಕಮ್ಯುನಿಟಿ ಕಾಲೇಜಿನಲ್ಲಿ ಸಲಹೆಗಾರರ ಮುಂದೆ ಕೂತಾಗ ನಾನು ಕೇಳಿದ ಮೊದಲ ಪ್ರಶ್ನೆ ಇದೇ. ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿಕೊಂಡು ಬಂದಿದ್ದೆ. ಆದರೂ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಿಂದ ಪದವಿ ಬೇಕೆಂದರೆ ಸರ್ಕಾರದ ವಿಷಯದಲ್ಲಿ 6 ಕ್ರೆಡಿಟ್ ಓದಲೇಬೇಕು. ರಾಜ್ಯದ ಕಾನೂನೇ ಹಾಗಿದೆ. ಗವರ್ನಮೆಂಟ್ 2305 ಎಂದರೆ ಇಡೀ ದೇಶದ ಸರ್ಕಾರ, 2306 ಎಂದರೆ ಟೆಕ್ಸಾಸ್ ಸರ್ಕಾರ. ನಮ್ಮ ಊರಿನ ಪದವಿಯಲ್ಲಿ ಇವೆರಡೂ ಇರುವುದಿಲ್ಲ, ಅಲ್ವಾ? ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಲು ಅಡ್ಡಿ ಇರಲಿಲ್ಲ. ಮಗಳು ಚಿಕ್ಕವಳು, ಹಾಗಾಗಿ ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತಗೊಂಡೆ.

16 ವಾರದ ಪಾಠವನ್ನು 8 ವಾರದಲ್ಲಿ ಮುಗಿಸುವ ತರಗತಿ ಅದು. ಹೊಸದಾಗಿ ಬಂದವರು ಯಾರಾದರೂ ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ವಾರಕ್ಕೆ ಎರಡು ಅಧ್ಯಾಯ, ಒಂದು ಕ್ವಿಜ್, ಒಂದು ಚರ್ಚೆಯ ಬರಹ. ಗುರುವಾರ ರಾತ್ರಿಯೊಳಗೆ ನಮ್ಮ ಬರಹ ಹಾಕಬೇಕು, ಭಾನುವಾರ ರಾತ್ರಿ 11:59ರೊಳಗೆ ಇನ್ನಿಬ್ಬರಿಗೆ ಉತ್ತರ ಬರೆಯಬೇಕು. ಮೇಷ್ಟ್ರು ಎದುರಿಗೆ ಇರುವುದಿಲ್ಲ, ಗಂಟೆ ಹೊಡೆಯುವವರಿಲ್ಲ. ಒಂದು ದಿನ ಕೈಬಿಟ್ಟರೆ ಇಡೀ ವಾರ ಹಿಂದೆ ಬೀಳುತ್ತೇವೆ.

ಪುಸ್ತಕಕ್ಕೆ ಮಾತ್ರ ಖರ್ಚಾಗಲಿಲ್ಲ. ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್ ಉಚಿತವಾಗಿ ಕೊಡುವ ಪಠ್ಯವೇ ಸಾಕು ಎಂದಿದ್ದರು.

ಮೊದಲ ಕ್ವಿಜ್‌ನಲ್ಲಿ 20ಕ್ಕೆ 11 ಬಂತು. ತುಂಬಾ ಬೇಜಾರಾಯಿತು. ಓದಿರಲಿಲ್ಲ ಎಂದಲ್ಲ, ಎರಡು ಸಲ ಓದಿದ್ದೆ. ತಪ್ಪಾದ ಉತ್ತರಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಕಾರಣ ಸಿಕ್ಕಿತು. ಒಂದು ಪ್ರಶ್ನೆ ಹೀಗಿತ್ತು: ಅಧ್ಯಕ್ಷರು ಬಯಸಿದ ಮುಖ್ಯ ಮಸೂದೆಯನ್ನು ಕಾಂಗ್ರೆಸ್ (ಅಂದರೆ ಇಲ್ಲಿನ ಪಾರ್ಲಿಮೆಂಟು) ತಿರಸ್ಕರಿಸಿದರೆ ಏನಾಗುತ್ತದೆ? ಅವರು ರಾಜೀನಾಮೆ ಕೊಡಬೇಕು ಎಂದು ಗುರುತು ಹಾಕಿದ್ದೆ. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೂ ಬಿತ್ತು. ಇಲ್ಲಿ ಹಾಗಿಲ್ಲ. ಮಸೂದೆ ಸೋಲುತ್ತದೆ, ಅಧ್ಯಕ್ಷರು ನಾಲ್ಕು ವರ್ಷ ಕುರ್ಚಿಯಲ್ಲಿರುತ್ತಾರೆ. ನಾನು ಇಂಗ್ಲಿಷ್ ಪದಗಳನ್ನು ಓದುತ್ತಿದ್ದೆ, ಆದರೆ ಅವಕ್ಕೆಲ್ಲ ಭಾರತದ ಅರ್ಥ ಹಚ್ಚುತ್ತಿದ್ದೆ.

ಆವತ್ತೇ ಒಂದು ನೋಟ್‌ಬುಕ್ ತಂದು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಆ ಪದ ನಮ್ಮಲ್ಲಿ ಏನು, ಬಲಕ್ಕೆ ಇಲ್ಲಿ ಏನು. ಮೊದಲ ಪದ ‘ಸರ್ಕಾರ’. ನಮ್ಮಲ್ಲಿ ಸರ್ಕಾರ ಬೀಳುತ್ತದೆ. ಇಲ್ಲಿ ಬೀಳುವುದಿಲ್ಲ, ಬಾಗಿಲು ಹಾಕುತ್ತದೆ. ಕಾಂಗ್ರೆಸ್ ಹಣಕ್ಕೆ ಒಪ್ಪಿಗೆ ಕೊಡದಿದ್ದರೆ ಕಚೇರಿಗಳು ಮುಚ್ಚುತ್ತವೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಅಂಥದ್ದೊಂದು 35 ದಿನ ನಡೆಯಿತು. ಆಮೇಲೆ ‘ಸೆಕ್ರೆಟರಿ’. ನಮ್ಮಲ್ಲಿ ಐಎಎಸ್ ಅಧಿಕಾರಿ, ಇಲ್ಲಿ ಮಂತ್ರಿ. ಸೆಕ್ರೆಟರಿ ಆಫ್ ಸ್ಟೇಟ್ ಎಂದರೆ ವಿದೇಶಾಂಗ ಮಂತ್ರಿ. ನಮ್ಮಲ್ಲಿ ಮಂತ್ರಿಯಾಗಬೇಕಾದರೆ ಆರು ತಿಂಗಳೊಳಗೆ ಸದನದ ಸದಸ್ಯರಾಗಬೇಕು. ಇಲ್ಲಿ ಮಂತ್ರಿಯಾಗಬೇಕಾದರೆ ಸದಸ್ಯತ್ವ ಬಿಡಬೇಕು. ‘ಸ್ಪೀಕರ್’ ನಮ್ಮಲ್ಲಿ ಪಕ್ಷ ಮರೆತು ಕೂರಬೇಕಾದವರು, ಇಲ್ಲಿ ಬಹುಮತದ ಪಕ್ಷದ ದೊಡ್ಡ ನಾಯಕ. ಎರಡು ಪದವೂ ಒಂದೇ ಎನಿಸಿದ ಕಡೆ ನಾನು ಏನೂ ಕಲಿಯಲಿಲ್ಲ. ಹೊಂದದೆ ಹೋದ ಕಡೆಯೇ ಇಲ್ಲಿನ ವ್ಯವಸ್ಥೆ ಕಣ್ಣಿಗೆ ಕಂಡಿತು.

ಸಂವಿಧಾನವನ್ನು ಪಠ್ಯಕ್ಕಿಂತ ಮೊದಲು ಓದಿದ್ದರೆ ಚೆನ್ನಾಗಿತ್ತು. ಮೂರನೇ ವಾರ ಓದಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಪಠ್ಯ ಸುಮಾರು 4,500 ಪದ, 7 ವಿಧಿ, ಅಷ್ಟೇ. ಆಮೇಲೆ ಸೇರಿದ ತಿದ್ದುಪಡಿಗಳು 27. ಜಾರಿಗೆ ಬಂದಾಗಲೇ 395 ವಿಧಿ ಇದ್ದ ಸಂವಿಧಾನದ ನಾಡಿನಿಂದ ಬಂದವಳಿಗೆ ಇದು ನಿಜಕ್ಕೂ ಆಶ್ಚರ್ಯ. ಮಗಳು ಮಲಗಿದ ಮೇಲೆ ಒಂದೇ ಕೂತಿಗೆ ಓದಿ ಮುಗಿಸಿದೆ. ಯಾರಾದರೂ ಈ ಕೋರ್ಸ್ ತಗೊಳ್ಳುವವರಿದ್ದರೆ ತರಗತಿ ಶುರುವಾಗುವ ಮುಂಚೆ ಈ ಕೆಲಸ ಮಾಡಿಬಿಡಿ.

ಪ್ರತಿ ಭಾನುವಾರ ಬೆಳಗ್ಗೆ ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತೇನೆ. ಅಲ್ಲಿ ಆಗ ರಾತ್ರಿ ಊಟದ ಹೊತ್ತು. ಏನು ಓದುತ್ತಿದ್ದೀಯಾ ಎಂದು ಅವರು ಕೇಳುತ್ತಿದ್ದರು, ನಾನು ಆ ವಾರದ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ದಿನವೇ ಅಮ್ಮ ತಡೆದರು. “ಕಾಂಗ್ರೆಸ್ಸಿನಲ್ಲಿ ಎರಡು ಪಕ್ಷ ಅಂದ್ರೆ ಏನೇ?” ಇಲ್ಲಿ ಪಾರ್ಲಿಮೆಂಟಿಗೇ ಕಾಂಗ್ರೆಸ್ ಅಂತಾರೆ ಎಂದು ವಿವರಿಸಿದೆ. ಕೆಳಮನೆಯಲ್ಲಿ 435 ಜನ, ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ. ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಲು ಆಗದಿದ್ದರೆ ಆ ಭಾಗ ನನಗೇ ಗೊತ್ತಿಲ್ಲ ಎಂದರ್ಥ. ಮಧ್ಯಾಹ್ನ ಮತ್ತೆ ಪುಸ್ತಕ ತೆಗೆಯುತ್ತಿದ್ದೆ.

ಕೋರ್ಟ್ ತೀರ್ಪುಗಳನ್ನು ಕಥೆಯ ಹಾಗೆ ಹೇಳಿದರೆ ಮರೆಯುವುದಿಲ್ಲ. 1803ರ ಮಾರ್ಬರಿ ಕೇಸನ್ನು ಹೀಗೆ ಹೇಳಿದೆ. ಅಧಿಕಾರ ಬಿಡುವ ಹೊತ್ತಿಗೆ ಅಧ್ಯಕ್ಷ ಆಡಮ್ಸ್ ಒಂದಷ್ಟು ಜನರನ್ನು ನೇಮಿಸಿ ಸಹಿ ಹಾಕಿದರು. ಕೆಲವರಿಗೆ ಪತ್ರ ತಲುಪಲಿಲ್ಲ. ಹೊಸ ಅಧ್ಯಕ್ಷ ಜೆಫರ್ಸನ್ ಅದನ್ನು ಕೊಡಬೇಡಿ ಎಂದರು. ಪತ್ರ ಸಿಗದ ಮಾರ್ಬರಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಪತ್ರ ಪಡೆಯುವ ಹಕ್ಕು ನಿನಗಿದೆ, ಆದರೆ ಅದನ್ನು ಕೊಡಿಸುವ ಅಧಿಕಾರವನ್ನು ನಮಗೆ ಕೊಟ್ಟ ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧ ಎಂದಿತು ಕೋರ್ಟ್. ಕಾಯಿದೆ ಸರಿಯೋ ತಪ್ಪೋ ಎಂದು ಕೋರ್ಟ್ ಹೇಳಬಹುದು ಎನ್ನುವ ದೊಡ್ಡ ಮಾತು ಹುಟ್ಟಿದ್ದು ಒಂದು ತಲುಪದ ಕಾಗದದಿಂದ. “ಪಾಪ, ಅವನಿಗೆ ಕೆಲಸ ಸಿಗ್ತಾ?” ಎಂದರು ಅಮ್ಮ. ಸಿಗಲಿಲ್ಲ.

ಅಧ್ಯಕ್ಷರ ಚುನಾವಣೆಯ ಪಾಠ ನನಗೆ ಬಹಳ ಕಷ್ಟವಾಯಿತು. ಅಧ್ಯಕ್ಷರನ್ನು ಆರಿಸುವುದು ಜನರ ಒಟ್ಟು ಓಟಲ್ಲ, ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತ. ಅವು ಒಟ್ಟು 538, ಗೆಲ್ಲಲು 270. ಟೆಕ್ಸಾಸ್‌ಗೆ 40. ಇಲ್ಲಿ ಒಂದೇ ಒಂದು ಓಟು ಮುಂದಿದ್ದರೂ ಆ 40 ಪೂರ್ತಿ ಅವರಿಗೇ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ಇದೇ ಪದ್ಧತಿ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಓಟು ಜಾಸ್ತಿ ಬಂದರೂ ಗೆದ್ದದ್ದು ಟ್ರಂಪ್. ಇದು ಹೇಗೆ ನ್ಯಾಯ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅಮ್ಮ ಮಾತ್ರ ಥಟ್ಟನೆ ಹೇಳಿದರು. “2018ರಲ್ಲಿ ನಮ್ಮಲ್ಲೂ ಓಟು ಒಬ್ಬರಿಗೆ ಜಾಸ್ತಿ, ಸೀಟು ಇನ್ನೊಬ್ಬರಿಗೆ ಜಾಸ್ತಿ ಬಂದಿರಲಿಲ್ವಾ?” ಹೌದಲ್ಲ! ಆ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇಕಡಾ 38ರಷ್ಟು ಓಟು, ಬಿಜೆಪಿಗೆ 36ರಷ್ಟು. ಆದರೆ 104 ಸೀಟು ಗೆದ್ದು ಮುಂದಿದ್ದದ್ದು ಬಿಜೆಪಿ. ಕ್ಷೇತ್ರದ ಜಾಗದಲ್ಲಿ ರಾಜ್ಯ ಇಟ್ಟು ನೋಡಿದೆ. ಅಲ್ಲಿಂದ ಮುಂದೆ ಆ ಅಧ್ಯಾಯ ಸಲೀಸಾಯಿತು. ಇದು ನ್ಯಾಯವೇ ಎಂಬ ಪ್ರಶ್ನೆ ನನ್ನಲ್ಲಿ ಈಗಲೂ ಇದೆ.

ಐದನೇ ವಾರದ ಚರ್ಚೆಯ ವಿಷಯ ಕೇಂದ್ರ ಮತ್ತು ರಾಜ್ಯಗಳ ಅಧಿಕಾರ. ಸಂವಿಧಾನ ಕೇಂದ್ರಕ್ಕೆ ಕೊಡದ, ರಾಜ್ಯಕ್ಕೆ ಬೇಡವೆನ್ನದ ಅಧಿಕಾರ ರಾಜ್ಯಗಳದ್ದು ಅಥವಾ ಜನರದ್ದು ಎನ್ನುತ್ತದೆ ಹತ್ತನೇ ತಿದ್ದುಪಡಿ. ನಮ್ಮಲ್ಲಿ ತಿರುಗಾಮುರುಗಾ, ಪಟ್ಟಿಯಲ್ಲಿಲ್ಲದ ಅಧಿಕಾರ ಕೇಂದ್ರದ್ದು. ಸುಮ್ನೆ ಪುಸ್ತಕದ ಮಾತು ತಿರುಗಿಸಿ ಬರೆಯುವ ಬದಲು ಎಸ್.ಆರ್. ಬೊಮ್ಮಾಯಿ ಅವರ ಕೇಸ್ ಬರೆದೆ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿದೆ. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು, ಅವಕಾಶ ಸಿಗಲಿಲ್ಲ. ಐದು ವರ್ಷದ ಮೇಲೆ, 1994ರಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಗೊತ್ತಾಗಬೇಕಾದ್ದು ಸದನದಲ್ಲೇ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆಯನ್ನು ಕೋರ್ಟ್ ಪರಿಶೀಲಿಸಬಹುದು. ಅಧಿಕಾರ ಅವರಿಗೆ ವಾಪಸ್ ಬರಲಿಲ್ಲ. ಆದರೆ ಆ ತೀರ್ಪು ಇಡೀ ದೇಶದ ರಾಜ್ಯಗಳಿಗೆ ಬೇಲಿಯಾಯಿತು. ಬರೆಯುವಾಗ ನನಗೆ ನಿಜವಾಗಿ ಹೆಮ್ಮೆಯಾಯಿತು.

ಸಹಪಾಠಿಗಳಿಂದ ಒಂಬತ್ತು ಉತ್ತರ ಬಂದವು. ಬೇರೆ ವಾರಗಳಲ್ಲಿ ಎರಡು ಬಂದರೆ ಹೆಚ್ಚು. ಹೆಚ್ಚಿನವರ ಪ್ರಶ್ನೆ ಒಂದೇ: ನಿಮ್ಮ ಗವರ್ನರ್‌ನ ಜನ ಆರಿಸುವುದಿಲ್ಲವೇ? ಟೆಕ್ಸಾಸ್ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ನಡೆಸುವವರು, ಅವರನ್ನು ವಾಷಿಂಗ್ಟನ್‌ನಿಂದ ಯಾರೂ ತೆಗೆಯಲಾಗದು. ನಮ್ಮ ರಾಜ್ಯಪಾಲರನ್ನು ದೆಹಲಿಯೇ ಕಳಿಸುತ್ತದೆ. ಅವರಿಗೆ ಉತ್ತರ ಬರೆಯುತ್ತಾ ಹೋದ ಹಾಗೆ ಹತ್ತನೇ ತಿದ್ದುಪಡಿ ಯಾಕೆ ಇಲ್ಲಿಯವರಿಗೆ ಅಷ್ಟು ಪ್ರೀತಿ ಎಂದು ನನಗೂ ಅರ್ಥವಾಯಿತು.

ಪರೀಕ್ಷೆ ಕ್ಯಾಮೆರಾ ಮುಂದೆ. ಮಧ್ಯದಲ್ಲಿ ಮಗಳು ಎದ್ದು ಅಳುತ್ತಾ ಬಂದಳು, ನಾನು ಕುರ್ಚಿ ಬಿಟ್ಟು ಎದ್ದೆ, ಪರೀಕ್ಷೆಗೆ ಕೆಂಪು ಗುರುತು ಬಿತ್ತು. ಎದೆ ಧಸಕ್ಕೆಂದಿತು. ಕೂಡಲೇ ಇದ್ದದ್ದನ್ನು ಇದ್ದ ಹಾಗೆ ಮೇಷ್ಟ್ರಿಗೆ ಇಮೇಲ್ ಮಾಡಿದೆ. ಅವರು ವಿಡಿಯೋ ನೋಡಿ ಅಂಕ ಉಳಿಸಿದರು. ಆನ್‌ಲೈನ್ ಮೇಷ್ಟ್ರ ಜೊತೆ ಮೊದಲೇ ಮಾತಾಡಿಕೊಂಡಿದ್ದರೆ ಇಂಥ ಹೊತ್ತಿನಲ್ಲಿ ಧೈರ್ಯ ಇರುತ್ತದೆ. ನಾನು ಎರಡನೇ ವಾರದಿಂದಲೇ ಅವರ ವಿಡಿಯೋ ಕರೆಯ ಸಮಯಕ್ಕೆ ಹೋಗಿ ಪ್ರಶ್ನೆ ಕೇಳುತ್ತಿದ್ದೆ. ಬಹಳ ಸಲ ಅಲ್ಲಿ ನಾನೊಬ್ಬಳೇ ಇರುತ್ತಿದ್ದೆ.

ಕೊನೆಗೆ ‘ಎ’ ಬಂತು. ಇಲ್ಲಿ ನನಗೆ ಓಟು ಇಲ್ಲ. ಆದರೂ ಈಗ ಸುದ್ದಿ ನೋಡುವಾಗ ಯಾರ ಕೈಯಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಮಸೂದೆಗೆ ಸೆನೆಟ್‌ನಲ್ಲಿ 51 ಮತ ಇದ್ದರೂ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು 60 ಬೇಕು ಎಂದು ಗಂಡನಿಗೆ ನಾನೇ ಹೇಳುತ್ತೇನೆ.

ಜನವರಿಯಲ್ಲಿ 2306 ಶುರುವಾಯಿತು. ಈ ಸಲ 16 ವಾರದ್ದು. ಅದೇ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದಿದ್ದೇನೆ. ಮೊದಲ ಪದ ‘ಲೆಫ್ಟಿನೆಂಟ್ ಗವರ್ನರ್’. ಎಡಗಡೆ: ದೆಹಲಿಯಲ್ಲಿ ರಾಷ್ಟ್ರಪತಿ ನೇಮಿಸುವವರು. ಬಲಗಡೆ: ಟೆಕ್ಸಾಸ್‌ನಲ್ಲಿ ಜನ ಆರಿಸುವವರು, ರಾಜ್ಯದ ಸೆನೆಟ್‌ನ ಅಧ್ಯಕ್ಷತೆ ಅವರದ್ದೇ. ಭಾನುವಾರ ಅಮ್ಮನಿಗೆ ಇದನ್ನು ಹೇಳಬೇಕು.