ರಾಷ್ಟ್ರ ಪ್ರಶಸ್ತಿ ಪಟ್ಟಿ ಬಂದ ದಿನ ಪುಣೆಯ ಕನ್ನಡಿಗರು ಏನು ಮಾಡಬೇಕು

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಪಟ್ಟಿ ಬಂದ ಹತ್ತೇ ನಿಮಿಷಕ್ಕೆ ನಮ್ಮ ಪುಣೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ಬೆಸ್ಟ್ ಆಕ್ಟರ್ ಯಾರು? ನಮ್ಮವರಾದರೆ ಚಪ್ಪಾಳೆ, ಬೇರೆಯವರಾದರೆ ಬೈಗುಳ. ಅಲ್ಲಿಗೆ ಮುಗೀತು. ನನಗೆ ಇದು ನಿಜವಾಗಿ ಬೇಜಾರು ತರುವ ವಿಷಯ. ಯಾಕಂದ್ರೆ ಕನ್ನಡದವರ ಹೆಸರು ಬಹಳ ಸಲ ಪಟ್ಟಿಯ ಕೆಳಗಡೆ ಇರುತ್ತದೆ, ಅಲ್ಲಿಯವರೆಗೆ ಯಾರೂ ಹೋಗುವುದೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಫಾರ್ವರ್ಡ್ ನಂಬಬೇಡಿ, ಪೂರ್ತಿ ಪಟ್ಟಿ ತೆಗೆಯಿರಿ. ಕೇಂದ್ರ ಸರ್ಕಾರದ ಸುದ್ದಿ ಪ್ರಕಟಿಸುವ ಪಿಐಬಿಯ ಜಾಲತಾಣದಲ್ಲಿ ಸಿಗುತ್ತದೆ. ಟಿವಿಯವರು ನಾಲ್ಕೈದು ದೊಡ್ಡ ಹೆಸರು ಹೇಳಿ ಬಿಟ್ಟುಬಿಡುತ್ತಾರೆ. ಕಥಾಚಿತ್ರಗಳ ಭಾಗ ಓದಿದ ಮೇಲೆ ನಿಲ್ಲಿಸಬೇಡಿ, ನಾನ್ ಫೀಚರ್ ಭಾಗಕ್ಕೂ ಹೋಗಿ. ಕಿರುಚಿತ್ರ, ಸಾಕ್ಷ್ಯಚಿತ್ರ ಎಲ್ಲ ಇರುವುದು ಅಲ್ಲೇ.

2025ರ ಆಗಸ್ಟ್ 1ಕ್ಕೆ ಬಂದ 71ನೇ ಪಟ್ಟಿಯನ್ನೇ ನೋಡಿ. ಎಲ್ಲರೂ ಹಂಚಿಕೊಂಡದ್ದು ಶಾರುಖ್ ಖಾನ್ ಮತ್ತು ವಿಕ್ರಾಂತ್ ಮಾಸ್ಸಿ ಹೆಸರು. ಕನ್ನಡದವರು ಜಾಸ್ತಿ ಅಂದ್ರೆ ಶ್ರೇಷ್ಠ ಕನ್ನಡ ಚಿತ್ರ 'ಕಂದೀಲು' ಅಂತ ಒಂದು ಸಾಲು ಹಾಕಿದರು. ಆದರೆ ನಾನ್ ಫೀಚರ್ ಭಾಗದಲ್ಲಿ ಚಿತ್ರಕಥೆಯ ಪ್ರಶಸ್ತಿಗೆ ಯಾರ ಹೆಸರಿತ್ತು ಗೊತ್ತಾ? ಚಿದಾನಂದ ನಾಯ್ಕ. ಚಿತ್ರ 'ಸನ್‌ಫ್ಲವರ್ಸ್ ವೆರ್ ದಿ ಫಸ್ಟ್ ಒನ್ಸ್ ಟು ನೋ'. ಹೆಸರು ಇಂಗ್ಲಿಷ್, ಮಾತು ಕನ್ನಡ. ಮೈಸೂರಿನ ಈ ಹುಡುಗ ಡಾಕ್ಟರ್ ಓದಿ ಸಿನಿಮಾ ಕಲಿಯಲು ಬಂದದ್ದು ನಮ್ಮ ಲಾ ಕಾಲೇಜ್ ರಸ್ತೆಯ ಎಫ್‌ಟಿಐಐ ಸಿನಿಮಾ ಶಾಲೆಗೆ, ಹಿಂದೆ ಪ್ರಭಾತ್ ಸ್ಟುಡಿಯೊ ಇದ್ದ ಜಾಗಕ್ಕೆ. ಅಲ್ಲಿ ಓದುವಾಗಲೇ ಮಾಡಿದ ಚಿತ್ರ ಇದು. ಒಬ್ಬ ಅಜ್ಜಿ ಊರಿನ ಹುಂಜ ಕದಿಯುತ್ತಾಳೆ, ಹುಂಜ ಕೂಗದ ಊರಿನಲ್ಲಿ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದಂಥ ಕಥೆ, ಅಲ್ವಾ? ಹದಿನಾರು ನಿಮಿಷದ ಈ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ವಿದ್ಯಾರ್ಥಿಗಳ ವಿಭಾಗದ ಮೊದಲ ಬಹುಮಾನ ಗೆದ್ದಿತ್ತು. ಪುಣೆಯಲ್ಲಿ ಕಲಿತು ಕನ್ನಡದಲ್ಲಿ ಗೆದ್ದವನ ಹೆಸರು ಪುಣೆಯ ಕನ್ನಡಿಗರ ಗುಂಪಿನಲ್ಲೇ ಬರದಿದ್ದರೆ ಇನ್ನೆಲ್ಲಿ ಬರಬೇಕು?

ಅದರ ಹಿಂದಿನ, ಅಂದ್ರೆ 70ನೇ ಪಟ್ಟಿಯಲ್ಲೂ ಹೀಗೇ ಆಗಿತ್ತು. 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಶ್ರೇಷ್ಠ ನಟ ಆದ ಖುಷಿಯಲ್ಲಿ ನಾನ್ ಫೀಚರ್ ಭಾಗದ ಕನ್ನಡ ಚಿತ್ರ 'ಮಧ್ಯಂತರ' ಕಾಣದೇ ಹೋಯಿತು. ದಿನೇಶ್ ಶೆಣೈ ಅವರಿಗೆ ಮೊದಲ ಚಿತ್ರದ ನಿರ್ದೇಶನಕ್ಕೆ, ಸುರೇಶ್ ಅರಸ್ ಅವರಿಗೆ ಸಂಕಲನಕ್ಕೆ, ಎರಡೂ ಪ್ರಶಸ್ತಿ ಅದಕ್ಕೇ ಬಂದಿದ್ದವು.

ಇನ್ನು 'ಆ ಸಿನಿಮಾಗೆ ಯಾಕೆ ಕೊಟ್ಟಿಲ್ಲ' ಅಂತ ಕೂಗುವ ಮೊದಲು ವರ್ಷ ನೋಡಿಕೊಳ್ಳಿ. ಅರ್ಧ ಜಗಳ ಇಲ್ಲೇ ತೀರುತ್ತದೆ. ಲೆಕ್ಕಕ್ಕೆ ಬರುವುದು ಚಿತ್ರ ಬಿಡುಗಡೆಯಾದ ದಿನ ಅಲ್ಲ, ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ದಿನ. '777 ಚಾರ್ಲಿ' ಮತ್ತು 'ಕಾಂತಾರ' ಎರಡನ್ನೂ ನಾವು 2022ರಲ್ಲೇ ಥಿಯೇಟರಲ್ಲಿ ನೋಡಿದೆವು. ಆದರೆ ಚಾರ್ಲಿ ಸೇರಿದ್ದು 2021ರ ಚಿತ್ರಗಳ ಪಟ್ಟಿಗೆ, ಕಾಂತಾರ 2022ರ ಪಟ್ಟಿಗೆ. ಪ್ರಶಸ್ತಿ ಪ್ರಕಟವಾಗುವುದೂ ತಡವಾಗಿ. 2022ರ ಸೆಪ್ಟೆಂಬರ್ ಕೊನೆಗೆ ಬಂದ ಕಾಂತಾರಕ್ಕೆ ಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಜೊತೆಗೆ ನಿರ್ಮಾಪಕರು ಅರ್ಜಿ ಹಾಕಿ ಚಿತ್ರ ಕಳಿಸಬೇಕು. ಕಳಿಸದ ಚಿತ್ರವನ್ನು ಜ್ಯೂರಿ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಜ್ಯೂರಿ ಬಗ್ಗೆ ಇಷ್ಟು ತಿಳಿದಿರಲಿ: ಕಥಾಚಿತ್ರಗಳನ್ನು ಮೊದಲು ಪ್ರಾದೇಶಿಕ ಸಮಿತಿಗಳು ನೋಡಿ ಆರಿಸುತ್ತವೆ, ಆಮೇಲೆ ಕೇಂದ್ರ ಸಮಿತಿ ನಿರ್ಧಾರ ಮಾಡುತ್ತದೆ. ಪ್ರತಿ ವರ್ಷ ಬೇರೆ ಜನ. ಹೋದ ವರ್ಷದ ಸಿಟ್ಟನ್ನು ಈ ವರ್ಷದವರ ಮೇಲೆ ತೀರಿಸುವುದರಲ್ಲಿ ಅರ್ಥವಿಲ್ಲ.

ಹಾಗಂತ ಒಪ್ಪಿಗೆ ಇಲ್ಲದಿದ್ದರೂ ಸುಮ್ನಿರಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೇಳಿ. 70ನೇ ಪಟ್ಟಿಯಲ್ಲಿ 'ಕೆಜಿಎಫ್ 2'ಕ್ಕೆ ಸಾಹಸ ನಿರ್ದೇಶನದ ಪ್ರಶಸ್ತಿ ಬಂತು, ಅದು ನ್ಯಾಯ. ಅದಕ್ಕೇ ಶ್ರೇಷ್ಠ ಕನ್ನಡ ಚಿತ್ರ ಅಂತಲೂ ಕೊಟ್ಟದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆಗಲೇ ಕೋಟಿಗಟ್ಟಲೆ ಜನ ನೋಡಿದ ಚಿತ್ರ ಅದು. ಆ ಒಂದು ಜಾಗ ಸಿಕ್ಕರೆ ಸಣ್ಣ ಚಿತ್ರವೊಂದು ನಾಲ್ಕು ಊರಿನಲ್ಲಿ ಪರದೆ ಕಾಣುತ್ತದೆ. ಹೀಗೆ ಕಾರಣ ಕೊಟ್ಟು ಹೇಳಿ. ನಟನ ಜಾತಿ, ಭಾಷೆ, ಪಾರ್ಟಿ ಎಳೆದು ತಂದರೆ ಸಿನಿಮಾದ ಮಾತು ಅಲ್ಲೇ ಸತ್ತುಹೋಗುತ್ತದೆ. ಮತ್ತೆ, ನೋಡದ ಚಿತ್ರದ ಬಗ್ಗೆ ತೀರ್ಪು ಬೇಡ. ಇದೊಂದನ್ನು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊತ್ರೂಡ್‌ನಲ್ಲೋ ಚಿಂಚವಾಡದಲ್ಲೋ ಇರುವ ನಮಗೆ ಇನ್ನೊಂದು ಕೆಲಸವೂ ಇದೆ. ಪಕ್ಕದ ಮನೆಯ ಮರಾಠಿ ಕಾಕಾ, ಕಾಕು ಜೊತೆ ಈ ಪಟ್ಟಿಯ ಬಗ್ಗೆ ಮಾತಾಡಿ. 'ನಿಮಗೆಷ್ಟು, ನಮಗೆಷ್ಟು' ಅಂತ ಲೆಕ್ಕ ಹಾಕಬೇಡಿ. ಮಾತಿಗೆ ಎಳೆ ಬೇಕಾದಷ್ಟಿದೆ. 1954ರಲ್ಲಿ ಮೊದಲ ಸಲ ಈ ಪ್ರಶಸ್ತಿ ಕೊಟ್ಟಾಗ ಶ್ರೇಷ್ಠ ಚಿತ್ರ ಆದದ್ದು ಮರಾಠಿಯ 'ಶ್ಯಾಮಚೀ ಆಯಿ'. 71ನೇ ಪಟ್ಟಿಯಲ್ಲಿ ಶ್ರೇಷ್ಠ ಮರಾಠಿ ಚಿತ್ರ ಅಂತ ಗೆದ್ದದ್ದೂ ಅದೇ ಹೆಸರಿನ ಹೊಸ ಚಿತ್ರ. 59ನೇ ವರ್ಷ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲವನ್ನು ಮರಾಠಿಯ 'ದೇವುಳ್' ಜೊತೆ ಹಂಚಿಕೊಂಡದ್ದು ನಮ್ಮ ಕರಾವಳಿಯ ಬ್ಯಾರಿ ಭಾಷೆಯ 'ಬ್ಯಾರಿ'. 62ನೇ ವರ್ಷ ಮರಾಠಿಯ 'ಕೋರ್ಟ್' ಶ್ರೇಷ್ಠ ಚಿತ್ರ, ಕನ್ನಡದ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್ ಶ್ರೇಷ್ಠ ನಟ. ಒಂದು ಭಾನುವಾರ ಈ ಎರಡನ್ನೂ ಒಟ್ಟಿಗೆ ಕೂತು ನೋಡಿ, ಅವರು ಒಂದು ತೋರಿಸಲಿ, ನೀವು ಒಂದು ತೋರಿಸಿ. ಗಿರೀಶ್ ಕಾಸರವಳ್ಳಿ ಇದೇ ಎಫ್‌ಟಿಐಐಯಲ್ಲಿ ಕಲಿತು ಹೋಗಿ ನಾಲ್ಕು ಸ್ವರ್ಣ ಕಮಲ ಗೆದ್ದವರು ಅಂತ ಹೇಳಿದರೆ ಮಾತು ಹೇಗೂ ಮುಂದುವರಿಯುತ್ತದೆ.

ಅಭಿನಂದನೆ ಬರೆಯುವಾಗ 'ಹೆಮ್ಮೆಯ ಕನ್ನಡಿಗ' ಅಂತ ಪೋಸ್ಟರ್ ಅಂಟಿಸಿದರೆ ಸಾಲದು. ಹೆಸರು ಬರೆಯಿರಿ, ಏನು ಕೆಲಸಕ್ಕೆ ಬಂತು ಬರೆಯಿರಿ, ನಿಮಗೆ ಹಿಡಿಸಿದ ಒಂದು ದೃಶ್ಯ ಬರೆಯಿರಿ. ನಟರಿಗೆ ಸಾವಿರ ಜನ ಬರೆಯುತ್ತಾರೆ. ಸಂಕಲನಕಾರರಿಗೆ, ಸೌಂಡ್ ಮಾಡಿದವರಿಗೆ ಬರೆಯುವವರು ಕಡಿಮೆ, ಅವರಿಗೇ ಮೊದಲು ಬರೆಯಿರಿ.

ಪಟ್ಟಿಗೂ ದೆಹಲಿಯ ಸಮಾರಂಭಕ್ಕೂ ನಡುವೆ ಸಮಯ ಸಿಗುತ್ತದೆ. 71ನೇ ಸಲ ಸಮಾರಂಭ ನಡೆದದ್ದು ಸೆಪ್ಟೆಂಬರ್ 23ಕ್ಕೆ, ಅಂದ್ರೆ ಏಳು ವಾರಕ್ಕೂ ಜಾಸ್ತಿ. ಗುಂಪಿನಲ್ಲಿ ಒಬ್ಬರು ಗೆದ್ದ ಕನ್ನಡ ಚಿತ್ರಗಳ ಹೆಸರು ಹಾಕಿ, ಎಲ್ಲಿ ಸಿಗುತ್ತದೆ ಅಂತ ಹುಡುಕಿ ಪಕ್ಕದಲ್ಲೇ ಬರೆಯಿರಿ. ಇಲ್ಲಿನ ಥಿಯೇಟರಲ್ಲಿ ಕನ್ನಡ ಚಿತ್ರಕ್ಕೆ ಶೋ ಕೊಟ್ಟರೆ ಮೊದಲ ಶನಿವಾರ, ಭಾನುವಾರವೇ ಹೋಗಿ. ಸೀಟು ಖಾಲಿ ಕಂಡರೆ ಮುಂದಿನ ಶುಕ್ರವಾರ ಅವರು ಆ ಶೋ ತೆಗೆದುಬಿಡುತ್ತಾರೆ.